ಬೂಟು ಬಿಚ್ಚಿಸಿದರೆ ಬಾಂಬು ನಿಲ್ಲುವುದೇ?



ಕಳೆದ ಸಂಚಿಕೆಯಲ್ಲಿ ನಮ್ಮ ಕೂಟದ ಹಿರಿಯರೊಬ್ಬರ ಪತ್ರ ಅಚ್ಚಾಗಿತ್ತು. ವಿಮಾನ ನಿಲ್ದಾಣದ ತಪಾಸಣೆಯ ಬಗ್ಗೆ ನಮ್ಮ ಹುಡುಗರು ಗೊಣಗುವುದು ಸರಿಯಲ್ಲ, ಪ್ರಾಣ ಉಳಿಯುವುದಾದರೆ ಬೂಟು ಬಿಚ್ಚುವುದು, ಬೆಲ್ಟು ಬಿಚ್ಚುವುದು ದೊಡ್ಡ ಕಷ್ಟವೇ, ತಪ್ಪು ಮಾಡದವನಿಗೆ ಶೋಧನೆಯ ಭಯವೇಕೆ ಎಂದು ಅವರು ಕೇಳಿದ್ದರು. ಅದನ್ನು ಓದಿ, ದುಬೈಯಿಂದ ರಜೆಗೆ ಬಂದಿದ್ದ ಸಹೋದರನೊಬ್ಬ ಆದಿತ್ಯವಾರ ಪೂಜೆ ಮುಗಿದ ಕೂಡಲೇ ನಮ್ಮನ್ನು ಹಿಡಿದು ನಿಲ್ಲಿಸಿದ. "ಇದೆಲ್ಲ ಬರೀ ನಾಟಕ ಮಾಸ್ಟ್ರೇ. ಕಳ್ಳನಿಗೆ ಬೇರೆ ದಾರಿ ಗೊತ್ತುಂಟು. ಅಲ್ಲಿ ಸಿಕ್ಕಿಬೀಳುವುದು ನಮ್ಮ ಅಮ್ಮನ ಉಪ್ಪಿನಕಾಯಿ ಮಾತ್ರ" ಎಂದ. ಹಿರಿಯರ ಮಾತೂ ನಮಗೆ ಒಪ್ಪಿಗೆಯಿಲ್ಲ, ಈ ಸಹೋದರನ ಮಾತೂ ಪೂರ್ತಿ ಒಪ್ಪಿಗೆಯಿಲ್ಲ. ಏಕೆಂದು ಬರೆಯುತ್ತೇವೆ.

ಕಾರ್ಮಿಕರ ಪತ್ರಿಕೆಗೆ ವಿಮಾನದ ಮಾತೇಕೆ ಎಂದು ಕೇಳುವವರು ಇರಬಹುದು. ವಿಮಾನವು ಉಳ್ಳವರ ವಾಹನ ಎಂಬ ಮಾತು ಬೇರೆ ಕಡೆ ನಿಜವಾಗಿರಲಿ. ನಮ್ಮ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡಿನ ಕಡೆ ಗಾರೆ ಕೆಲಸದವನು, ಡ್ರೈವರು, ಹೋಟೆಲಿನ ಅಡುಗೆಯವನು, ಮನೆಗೆಲಸಕ್ಕೆ ಹೋಗುವ ಹೆಂಗಸು, ಇವರೇ ವಿಮಾನ ಹತ್ತುವವರು. ಜೀವಮಾನದಲ್ಲಿ ರೈಲಿನ ಮೊದಲ ದರ್ಜೆಯ ಡಬ್ಬಿಯೊಳಗೆ ಕಾಲಿಡದವನು ಎರಡು ವರ್ಷಕ್ಕೊಮ್ಮೆ ಬಜ್ಪೆಯಿಂದ ಹಾರುತ್ತಾನೆ. 2018ರ ಡಿಸೆಂಬರಿನಿಂದ ಕಣ್ಣೂರಿನಿಂದಲೂ ಹಾರುತ್ತಾನೆ. ಆದ್ದರಿಂದ ವಿಮಾನ ನಿಲ್ದಾಣದ ಬಾಗಿಲಲ್ಲಿ ಏನು ನಡೆಯುತ್ತದೆ ಎಂಬುದು ನಮ್ಮ ಕಾರ್ಖಾನೆಯ ಗೇಟಿನಲ್ಲಿ ಏನು ನಡೆಯುತ್ತದೆ ಎಂಬಷ್ಟೇ ನಮಗೆ ಸಂಬಂಧಪಟ್ಟ ವಿಷಯ.

ಕಾರ್ಖಾನೆಯ ಗೇಟು ಎಂದ ಮೇಲೆ ಒಂದು ಮಾತು. ಶೋಧನೆ ಎಂಬುದು ದುಡಿಯುವವರಿಗೆ ಹೊಸತಲ್ಲ. ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಮಾಡಿದ ನಮ್ಮ ಅಕ್ಕಂದಿರನ್ನು ಕೇಳಿ. ಸಂಜೆ ಕೆಲಸ ಬಿಟ್ಟು ಹೊರಡುವಾಗ ಗೇಟಿನಲ್ಲಿ ಸಾಲು ನಿಲ್ಲಿಸಿ, ಸೆರಗು ಕೊಡವಿಸಿ, ಬುತ್ತಿ ತೆರೆಸಿ, ಮೈ ಮುಟ್ಟಿ ನೋಡುತ್ತಿದ್ದರು. ಒಂದು ಕಾರ್ಖಾನೆಯಲ್ಲಿ (ಹೆಸರು ಬೇಡ) ಈ ಕೆಲಸಕ್ಕೆ ಗಂಡಸು ಮೇಸ್ತ್ರಿಯನ್ನೇ ನಿಲ್ಲಿಸಿದ್ದರು. ಯೂನಿಯನ್ನಿನವರು ಮಾತಾಡಲು ಹೋದಾಗ ಯಜಮಾನರು ಹೇಳಿದ್ದು ನಮ್ಮ ಹಿರಿಯರು ಈಗ ಬರೆದ ಮಾತನ್ನೇ: ಕದಿಯದವಳಿಗೆ ಭಯವೇಕೆ? ನಾವು ಶೋಧನೆಯೇ ಬೇಡ ಎಂದು ಹೇಳಲಿಲ್ಲ. ಹೆಂಗಸರನ್ನು ಹೆಂಗಸೇ ನೋಡಲಿ, ಪರದೆಯ ಹಿಂದೆ ನೋಡಲಿ, ಆಫೀಸಿನವರ ಚೀಲವನ್ನೂ ನೋಡಲಿ ಎಂದೆವು. ಮೊದಲಿನ ಎರಡನ್ನು ಒಪ್ಪಿದರು. ಮೂರನೆಯದಕ್ಕೆ ನಕ್ಕರು. ಆ ವರ್ಷ ಅಲ್ಲಿ ಆದ ದೊಡ್ಡ ನಷ್ಟ ಯಾರ ಸೆರಗಿನಲ್ಲೂ ಹೋದದ್ದಲ್ಲ, ಲಾರಿಯಲ್ಲಿ ಹೋದದ್ದು ಎಂದು ಆಮೇಲೆ ಪೇಟೆಗೆಲ್ಲ ತಿಳಿಯಿತು. ಯಾವ ಶೋಧನೆಯನ್ನು ಕಂಡರೂ ನಮಗೆ ಈ ಮೂರನೆಯ ಬೇಡಿಕೆ ನೆನಪಾಗುತ್ತದೆ.

ಈಗ ನಾಟಕ ಎನ್ನುವ ಸಹೋದರನಿಗೆ ಉತ್ತರ. ತಪಾಸಣೆಯಿಂದ ಏನೂ ಆಗಿಲ್ಲ ಎಂಬುದು ಸುಳ್ಳು. 1968ರಿಂದ 1972ರ ವರೆಗಿನ ಐದು ವರ್ಷಗಳಲ್ಲಿ ಅಮೆರಿಕದಲ್ಲಿ ನೂರಮೂವತ್ತಕ್ಕೂ ಮಿಕ್ಕಿ ವಿಮಾನ ಅಪಹರಣಗಳು ನಡೆದವು. 1973ರ ಜನವರಿಯಿಂದ ಪ್ರತಿಯೊಬ್ಬ ಪ್ರಯಾಣಿಕನನ್ನೂ ಅವನ ಕೈಚೀಲವನ್ನೂ ನೋಡಿಯೇ ಒಳಗೆ ಬಿಡಬೇಕೆಂಬ ನಿಯಮ ಬಂತು. ಆ ಹಾವಳಿ ಥಟ್ಟನೆ ಇಳಿಯಿತು. ನಮ್ಮ ದೇಶದಲ್ಲೂ 1971ರಲ್ಲಿ ಶ್ರೀನಗರದಿಂದ ಹೊರಟ ವಿಮಾನವನ್ನು ಲಾಹೋರಿಗೆ ಒಯ್ದು ಸುಟ್ಟರು. 1978ರಲ್ಲಿ ಇಬ್ಬರು ಯುವಕರು ಆಟಿಕೆ ಪಿಸ್ತೂಲು, ಕ್ರಿಕೆಟ್ ಚೆಂಡು ಹಿಡಿದು ಲಖನೌನಿಂದ ದೆಹಲಿಗೆ ಹೊರಟ ವಿಮಾನವನ್ನು ವಾರಾಣಸಿಗೆ ತಿರುಗಿಸಿದರು. (ಅವರಿಬ್ಬರೂ ಆಮೇಲೆ ಉತ್ತರ ಪ್ರದೇಶದ ವಿಧಾನಸಭೆಗೆ ಆರಿಸಿ ಬಂದರು. ನಮ್ಮ ಹುಡುಗನೊಬ್ಬ ಸಾಲಿನಲ್ಲಿ ನಿಂತು ತಮಾಷೆಗೆ ಬಾಂಬು ಎಂಬ ಪದ ಎತ್ತಿದರೂ ಜೈಲು!) 1999ರ ಕ್ರಿಸ್ಮಸ್ ಮುನ್ನಾ ದಿನ ಕಾಠ್ಮಂಡುವಿನಿಂದ ಹೊರಟ ಐಸಿ 814 ವಿಮಾನವನ್ನು ಕಂದಹಾರಕ್ಕೆ ಒಯ್ದು, ಒಬ್ಬ ಪ್ರಯಾಣಿಕನನ್ನು ಕೊಂದು, ಮೂವರು ಉಗ್ರರನ್ನು ಸೆರೆಯಿಂದ ಬಿಡಿಸಿಕೊಂಡು ಹೋದರು. ಅದಾದ ಮೇಲೆ, 2000ದ ಫೆಬ್ರವರಿಯಲ್ಲಿ ಜೈಪುರದಿಂದ ಮೊದಲುಗೊಂಡು, ನಿಲ್ದಾಣಗಳ ಕಾವಲು ಕೇಂದ್ರ ಕೈಗಾರಿಕಾ ಭದ್ರತಾ ದಳದ ಕೈಗೆ ಬಂತು. ಆ ಬಳಿಕ ಅಂಥ ಅಪಹರಣ ನಮ್ಮ ವಿಮಾನಗಳಲ್ಲಿ ನಡೆದಿಲ್ಲ. ಇದನ್ನು ನಾಟಕ ಎಂದರೆ ಕೃತಘ್ನತೆ.

ಕೊಬ್ಬರಿಯ ವಿಷಯದಲ್ಲೂ ನಮ್ಮವರು ಸುಮ್ಮನೆ ಜಗಳ ಕಾಯುತ್ತಾರೆ. ಒಣ ಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲವೆಂದು ಸಿಟ್ಟು. ರಾಶಿ ಹಾಕಿದ ಕೊಬ್ಬರಿ ಒಳಗೊಳಗೇ ಬಿಸಿಯಾಗಿ ಹೊತ್ತಿಕೊಳ್ಳುವುದು ತೆಂಗಿನ ತೋಟದ ನಡುವೆ ಬೆಳೆದ ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆ ನಿಯಮ ಸರಿಯಾಗಿದೆ.

ಹಾಗಾದರೆ ಹಿರಿಯರ ಮಾತೇ ಸರಿಯೇ? ಅದಕ್ಕೆ ಕನಿಷ್ಕದ ಕಥೆಯನ್ನು ನೋಡಬೇಕು. ಹಳಬರಿಗೆ ನೆನಪಿದ್ದೀತು, ಕಿರಿಯರಿಗೆ ತಿಳಿಯದು. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡಿನ ಹತ್ತಿರ ಸಮುದ್ರದ ಮೇಲೆ ಸಿಡಿದು 329 ಮಂದಿ ಸತ್ತರು. ಬಾಂಬಿದ್ದ ಪೆಟ್ಟಿಗೆ ಹೊರಟದ್ದು ಕೆನಡಾದ ವ್ಯಾಂಕೂವರಿನಿಂದ. ಪೆಟ್ಟಿಗೆ ಕೊಟ್ಟವನಿಗೆ ಮುಂದಿನ ವಿಮಾನದಲ್ಲಿ ಸೀಟು ಖಚಿತವಾಗಿರಲಿಲ್ಲ. ಪೆಟ್ಟಿಗೆಯನ್ನು ನೇರವಾಗಿ ಅಲ್ಲಿಗೆ ಕಳುಹಿಸಲಾಗದು ಎಂದು ಕೌಂಟರಿನ ಹೆಂಗಸು ಮೊದಲು ಹೇಳಿದಳು. ಅವನು ಜಗಳ ತೆಗೆದ. ಹಿಂದೆ ಸಾಲು ಉದ್ದವಿತ್ತು. ಅವಳು ಕೊನೆಗೆ ಚೀಟಿ ಅಂಟಿಸಿ ಕಳುಹಿಸಿದಳು. ಪೆಟ್ಟಿಗೆ ಹೋಯಿತು, ಅವನು ಹತ್ತಲಿಲ್ಲ. ಟೊರಾಂಟೊದಲ್ಲಿ ಪೆಟ್ಟಿಗೆಗಳನ್ನು ನೋಡುವ ಎಕ್ಸ್-ರೇ ಯಂತ್ರ ಅದೇ ದಿನ ಕೆಟ್ಟಿತು. ಉಳಿದ ಪೆಟ್ಟಿಗೆಗಳ ಮೇಲೆ ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರವೊಂದನ್ನು ಆಡಿಸಿದರು. ಅದು ನಂಬುವಂಥದ್ದಲ್ಲವೆಂದು ಪೊಲೀಸರಿಗೆ ಮೊದಲೇ ತಿಳಿದಿತ್ತು. ಅದನ್ನು ಹಿಡಿದವರು ಗುತ್ತಿಗೆ ಕಂಪನಿಯ ಕಾವಲುಗಾರರು: ಕಡಿಮೆ ಸಂಬಳ, ತರಬೇತಿ ಇಲ್ಲವೆಂಬಷ್ಟು ಕಡಿಮೆ. ತಿಂಗಳ ಆರಂಭದಲ್ಲೇ ಏರ್ ಇಂಡಿಯಾದಿಂದ ಟೈಂಬಾಂಬಿನ ಬಗ್ಗೆ ಎಚ್ಚರಿಕೆ ಬಂದಿತ್ತು. ಆ ಕಾಗದ ತಲುಪಬೇಕಾದವರಿಗೆ ತಲುಪಲಿಲ್ಲ. ನ್ಯಾಯಮೂರ್ತಿ ಜಾನ್ ಮೇಜರ್ ಅವರ ಆಯೋಗ ಇದನ್ನೆಲ್ಲ ಕೆದಕಿ 2010ರಲ್ಲಿ ವರದಿ ಕೊಟ್ಟಿತು. ಇಪ್ಪತ್ತೈದು ವರ್ಷಗಳ ಮೇಲೆ!

ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಅದೇ ದಿನ, ಕನಿಷ್ಕ ಸಿಡಿಯುವುದಕ್ಕೆ ಒಂದು ಗಂಟೆಗೂ ಕಡಿಮೆ ಹೊತ್ತಿನ ಮೊದಲು, ಜಪಾನಿನ ನರಿಟಾ ನಿಲ್ದಾಣದಲ್ಲಿ ಇನ್ನೊಂದು ಪೆಟ್ಟಿಗೆ ಸಿಡಿಯಿತು. ಅದೂ ವ್ಯಾಂಕೂವರಿನಿಂದಲೇ ಬಂದು, ಬ್ಯಾಂಕಾಕಿಗೆ ಹೋಗುವ ಏರ್ ಇಂಡಿಯಾ ವಿಮಾನಕ್ಕೆ ಸಾಗುತ್ತಿತ್ತು. ಸತ್ತವರು ಇಬ್ಬರು. ಇಬ್ಬರೂ ಪೆಟ್ಟಿಗೆ ಎತ್ತಿಡುವ ಕೂಲಿಗಳು. ವಿಮಾನ ನಿಲ್ದಾಣದ ಸುರಕ್ಷೆ ಎಂದರೆ ಪ್ರಯಾಣಿಕರ ಸುರಕ್ಷೆ ಎಂದೇ ಎಲ್ಲರೂ ಎಣಿಸುತ್ತಾರೆ. ಮೊದಲ ಬಾಂಬಿಗೆ ಬಲಿಯಾದವರು ಪ್ರಯಾಣಿಕರಲ್ಲ, ನಮ್ಮಂಥವರು.

ಇದರಿಂದ ಒಂದು ನಿಜವಾದ ಪಾಠ ಬಂತು: ಯಜಮಾನ ಹತ್ತದ ಪೆಟ್ಟಿಗೆಯನ್ನು ಇಳಿಸಬೇಕು. ಹೆಸರು ಕರೆದು ಎಲ್ಲರಿಗೂ ತೊಂದರೆಯಾದರೂ, ಹೊರಡುವುದು ತಡವಾದರೂ ಇಳಿಸಬೇಕು. ಇದು ಕೆಲಸ ಮಾಡುವ ಕ್ರಮ. ಇದಕ್ಕೆ ಯಾರ ಬೂಟೂ ಬಿಚ್ಚಬೇಕಾಗಿಲ್ಲ. ಆದರೆ ಇದಕ್ಕೆ ವಿಮಾನ ಕಂಪನಿಯ ಸಮಯ ಹಾಳಾಗುತ್ತದೆ, ಸಮಯ ಎಂದರೆ ಹಣ. ಮೂರೂವರೆ ವರ್ಷ ಕಳೆದು 1988ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಲಾಕರ್ಬಿಯ ಮೇಲೆ ಸಿಡಿದ ಅಮೆರಿಕದ ವಿಮಾನದಲ್ಲಿದ್ದುದೂ ಜೊತೆಗೆ ಯಾರೂ ಇಲ್ಲದ ಪೆಟ್ಟಿಗೆಯೇ. 270 ಪ್ರಾಣ ಹೋಯಿತು. ಕೆಲಸ ಮಾಡುವ ಕ್ರಮ ಕಂಪನಿಗೆ ದುಬಾರಿಯಾದರೆ ಅದು ನಿಧಾನವಾಗಿ ಬರುತ್ತದೆ, ಪ್ರಯಾಣಿಕನಿಗೆ ಮಾತ್ರ ದುಬಾರಿಯಾದರೆ ಮರುದಿನವೇ ಬರುತ್ತದೆ ಎಂದು ನಮಗೆ ತೋರುತ್ತದೆ.

ಬೂಟಿನ ಕಥೆಯನ್ನೇ ನೋಡಿ. 2001ರ ಡಿಸೆಂಬರಿನಲ್ಲಿ ಪ್ಯಾರಿಸಿನಿಂದ ಮಯಾಮಿಗೆ ಹೋಗುವ ವಿಮಾನದಲ್ಲಿ ಒಬ್ಬ ತನ್ನ ಬೂಟಿನೊಳಗಿದ್ದ ಸ್ಫೋಟಕಕ್ಕೆ ಕಡ್ಡಿ ಗೀರಿದ. ಅವನನ್ನು ಹಿಡಿದದ್ದು ಯಾವ ಯಂತ್ರವೂ ಅಲ್ಲ. ಕಡ್ಡಿಯ ವಾಸನೆ ಮೂಗಿಗೆ ಬಡಿದು ಓಡಿ ಬಂದ ಗಗನಸಖಿಯರು, ಮತ್ತು ಅವರ ಕೂಗು ಕೇಳಿ ಮೇಲೆ ಬಿದ್ದ ಪ್ರಯಾಣಿಕರು. 2006ರಿಂದ ಅಮೆರಿಕದಲ್ಲಿ ಎಲ್ಲರೂ ಬೂಟು ಬಿಚ್ಚಬೇಕಾಯಿತು. 2025ರ ಜುಲೈಯಲ್ಲಿ ಆ ನಿಯಮವನ್ನು ಅವರೇ ತೆಗೆದರು. ಹತ್ತೊಂಬತ್ತು ವರ್ಷ! ಅದೇ 2006ರ ಆಗಸ್ಟಿನಲ್ಲಿ ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ತುಂಬಿ ವಿಮಾನಗಳನ್ನು ಉರುಳಿಸುವ ಸಂಚು ಇಂಗ್ಲೆಂಡಿನಲ್ಲಿ ಬಯಲಾಯಿತು. ಅದನ್ನು ಬಯಲು ಮಾಡಿದವರು ತಿಂಗಳುಗಟ್ಟಲೆ ಬೆನ್ನು ಹತ್ತಿದ ಪೊಲೀಸರು, ಬೇಹುಗಾರರು. ಸಂಚುಗಾರರು ನಿಲ್ದಾಣದ ಮೆಟ್ಟಿಲನ್ನೂ ಹತ್ತಿರಲಿಲ್ಲ. ನೂರು ಮಿಲಿಲೀಟರಿನ ನಿಯಮ ಅಲ್ಲಿಂದ ಬಂದು, ನಮ್ಮ ಸಹೋದರನ ಅಮ್ಮ ಮಿಡಿ ಹಾಕಿಟ್ಟ ಡಬ್ಬಿಯ ತನಕ ತಲುಪಿತು. 2009ರ ಕ್ರಿಸ್ಮಸ್ ದಿನ ಒಳ ಉಡುಪಿನಲ್ಲಿ ಸ್ಫೋಟಕ ಹೊಲಿಸಿಕೊಂಡು ಬಂದವನು ಡೆಟ್ರಾಯಿಟಿನ ಮೇಲೆ ಸಿಕ್ಕಿಬಿದ್ದದ್ದೂ ಸಹಪ್ರಯಾಣಿಕರ ಕೈಗೆ. ಅವನ ಸ್ವಂತ ತಂದೆ ಒಂದು ತಿಂಗಳ ಮೊದಲೇ ನೈಜೀರಿಯದ ಅಮೆರಿಕ ರಾಯಭಾರ ಕಚೇರಿಗೆ ಹೋಗಿ, ಮಗ ದಾರಿ ತಪ್ಪಿದ್ದಾನೆ ಎಂದು ಹೇಳಿ ಬಂದಿದ್ದ. ತಂದೆಯ ಕಣ್ಣೀರನ್ನು ಕಡತಕ್ಕೆ ಸೇರಿಸಿ ಮುಚ್ಚಿಟ್ಟರು. ಆಮೇಲೆ ಕೋಟ್ಯಂತರ ಜನರ ಮೈಯನ್ನು ಬಟ್ಟೆಯ ಮೇಲಿಂದಲೇ ಕಾಣುವ ಯಂತ್ರ ಕೊಂಡರು.

ಇಷ್ಟೆಲ್ಲ ಮಾಡಿದ ಮೇಲೆ 2015ರಲ್ಲಿ ಅಮೆರಿಕದ ಸರಕಾರವೇ ತನ್ನ ಜನರಿಂದ ಪರೀಕ್ಷೆ ಮಾಡಿಸಿತು. ನಕಲಿ ಬಾಂಬು, ಆಯುಧ ಇಟ್ಟುಕೊಂಡು ತಪಾಸಣೆ ದಾಟಲು 70 ಸಲ ಯತ್ನಿಸಿದರೆ 67 ಸಲ ದಾಟಿಬಿಟ್ಟರು. ಸೊಳ್ಳೆ ಸೋಸಿ ಒಂಟೆ ನುಂಗುವವರೆಂದು ಪ್ರಭು ಫರಿಸಾಯರನ್ನು ಗದರಿಸಿದ್ದು ನೆನಪಾಗದೆ ಇರುತ್ತದೆಯೇ?

ಸಾಲು ಉದ್ದವಾದಷ್ಟು ಸುರಕ್ಷೆ ಹೆಚ್ಚು ಎಂದು ಹಿರಿಯರು ಬರೆದಿದ್ದಾರೆ. ಸಾಲೇ ಗುರಿಯಾಗಬಹುದು ಎಂಬುದನ್ನು ಅವರು ಎಣಿಸಿಲ್ಲ. 2011ರ ಜನವರಿಯಲ್ಲಿ ಮಾಸ್ಕೋದ ದೊಮೊದೆದೊವೊ ನಿಲ್ದಾಣದಲ್ಲಿ ಬಾಂಬು ಸಿಡಿದದ್ದು ಬಂಧುಗಳನ್ನು ಎದುರುಗೊಳ್ಳಲು ಜನ ನಿಂತಿದ್ದ ಅಂಕಣದಲ್ಲಿ. 2016ರ ಮಾರ್ಚಿನಲ್ಲಿ ಬ್ರಸೆಲ್ಸಿನಲ್ಲಿ ಸಿಡಿದದ್ದು ಪೆಟ್ಟಿಗೆ ಕೊಡುವ ಸಾಲಿನ ಪಕ್ಕದಲ್ಲಿ, ತಪಾಸಣೆಗಿಂತ ಮೊದಲೇ. ವಿಮಾನವನ್ನು ಕಾಯಲು ಹೋಗಿ ಬಾಗಿಲಲ್ಲಿ ಜನರನ್ನು ರಾಶಿ ಹಾಕುವುದು ಯಾವ ಬಗೆಯ ಕಾವಲು?

ಇದು ನಮ್ಮೂರಿನ ಬಾಗಿಲಿಗೂ ಬಂದದ್ದನ್ನು ಮರೆಯಬಾರದು. 2020ರ ಜನವರಿ 20ರಂದು ಮಂಗಳೂರು ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನ ಬಳಿ ಯಾರದೋ ಚೀಲ ಬಿದ್ದಿತ್ತು. ಅನುಮಾನಪಟ್ಟವರು ಕಾವಲಿನ ಸಿಬ್ಬಂದಿ. ಒಳಗೆ ಬಾಂಬು ಇತ್ತು. ಕೆಂಜಾರಿನ ಬಯಲಿಗೆ ಒಯ್ದು ಅಲ್ಲಿ ಸಿಡಿಸಿದರು. ಯಾರಿಗೂ ಗಾಯವಾಗಲಿಲ್ಲ. ಆ ಎರಡು ದಿನ ನಮ್ಮ ಕಡೆ ಯಾರು ಯಾರನ್ನು ಯಾವ ಕಣ್ಣಿನಿಂದ ನೋಡಿದರು, ಚಹಾದಂಗಡಿಗಳಲ್ಲಿ ಯಾವ ಜಾತಿಯವರ, ಯಾವ ಮತದವರ ಹೆಸರು ಓಡಾಡಿತು ಎಂಬುದು ಓದುಗರಿಗೆ ಗೊತ್ತಿದೆ. ಆಮೇಲೆ ಬೆಂಗಳೂರಿನಲ್ಲಿ ಬಂದು ಶರಣಾದವನು ಓದಿದವನು, ನಮ್ಮ ಕರಾವಳಿಯವನೇ. ನಿಲ್ದಾಣದಲ್ಲಿ ಕೆಲಸ ಸಿಗಲಿಲ್ಲವೆಂಬ ಹಗೆಯಿಂದ ಮಾಡಿದ್ದ, ಹಿಂದೆ ಹುಸಿ ಕರೆ ಮಾಡಿ ಜೈಲಿಗೂ ಹೋಗಿದ್ದ. 2022ರಲ್ಲಿ ಅವನಿಗೆ 20 ವರ್ಷ ಶಿಕ್ಷೆಯಾಯಿತು. ಗಡ್ಡ ನೋಡಿ, ಹೆಸರು ಕೇಳಿ ಮೈ ತಡವಿದ್ದರೆ ಅವನು ಸಿಗುತ್ತಿರಲಿಲ್ಲ. ಬಿಟ್ಟುಹೋದ ಚೀಲವನ್ನು ನೋಡಿದ ಒಂದು ಜೊತೆ ಕಣ್ಣು ನಮ್ಮನ್ನು ಕಾಯಿತು.

ಆ ಕಣ್ಣುಗಳ ಬಗ್ಗೆಯೂ ಮಾತಾಡಬೇಕು. ಖಾಕಿ ತೊಟ್ಟವನನ್ನು ಕಂಡರೆ ನಮ್ಮವರಿಗೆ ಸಿಟ್ಟು. ಹಿಂದಿಯಲ್ಲಿ ಗದರುತ್ತಾನೆ, ಕೈ ಮೇಲೆತ್ತು ಎಂದದ್ದು ನಮ್ಮ ಮುದುಕಿಗೆ ತಿಳಿಯದೆ ಅವಳು ನಮಸ್ಕಾರ ಮಾಡಿದರೆ ನಗುತ್ತಾನೆ. ಇದು ನಡೆಯುತ್ತದೆ, ನಾವು ಅಲ್ಲಗಳೆಯುವುದಿಲ್ಲ. ಆದರೆ ಅವನೂ ಬಿಹಾರದ್ದೋ ಒಡಿಶಾದ್ದೋ ಒಂದು ಹಳ್ಳಿಯಿಂದ ಹೊಟ್ಟೆಪಾಡಿಗೆ ಬಂದವನೇ. ಗಂಟೆಗಟ್ಟಲೆ ನಿಂತು ಸಾವಿರ ಮೈ ತಡವುವವನು. ಕೇಂದ್ರ ಕೈಗಾರಿಕಾ ಭದ್ರತಾ ದಳ ಹುಟ್ಟಿದ್ದು 1969ರಲ್ಲಿ, ಸರಕಾರಿ ಕಾರ್ಖಾನೆಗಳನ್ನು ಕಾಯಲಿಕ್ಕೆ. 1979ರಲ್ಲಿ ಆ ದಳದವರು ಸಂಘ ಕಟ್ಟುವ ಹಕ್ಕು ಕೇಳಿದಾಗ ಬೊಕಾರೊದಲ್ಲಿ ಅವರ ಮೇಲೆ ಸೈನ್ಯವನ್ನೇ ಕಳುಹಿಸಿ ಗುಂಡು ಹಾರಿಸಿದರು. 1983ರಲ್ಲಿ ಅದನ್ನು ಸಶಸ್ತ್ರ ಪಡೆ ಎಂದು ಸಾರಿದರು. ಈಗ ನಮ್ಮನ್ನು ಶೋಧಿಸುವವನಿಗೆ ನಮಗಿರುವಷ್ಟು ಬಾಯಿಯೂ ಇಲ್ಲ. ಹನ್ನೆರಡನೇ ಗಂಟೆಯ ಕೆಲಸದಲ್ಲಿ ಪರದೆಯ ಮೇಲೆ ಕಣ್ಣು ನೆಟ್ಟವನಿಗೆ ಕಾಣುವುದೆಷ್ಟು, ತಪ್ಪುವುದೆಷ್ಟು? ಬೀಡಿ ಕಟ್ಟುವ ನಮ್ಮ ಅಕ್ಕಂದಿರಿಗೆ ಇದರ ಉತ್ತರ ಗೊತ್ತು. ಸಂಜೆಯ ಕಟ್ಟಿನಲ್ಲೇ ಅಲ್ಲವೇ ಹೆಚ್ಚು ಬೀಡಿ ತಿರಸ್ಕಾರವಾಗುವುದು?

ಇನ್ನು ನಮ್ಮ ಆ ಮೂರನೆಯ ಬೇಡಿಕೆ, ಆಫೀಸಿನವರ ಚೀಲವನ್ನೂ ನೋಡಲಿ ಎಂಬುದು. ವಿಮಾನ ನಿಲ್ದಾಣದಲ್ಲಿ ಶೋಧನೆಯಿಂದ ವಿನಾಯಿತಿ ಪಡೆದ ಗಣ್ಯರ ಪಟ್ಟಿಯೇ ಉಂಟು. ರಾಷ್ಟ್ರಪತಿ, ಪ್ರಧಾನಿಗಳನ್ನು ಬಿಡಿ, ಅದಕ್ಕೆ ಕಾರಣವಿದೆ. ಆದರೆ ಪಟ್ಟಿ ಉದ್ದವಿದೆ. ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರ ಹೆಸರೂ ಅದರಲ್ಲಿತ್ತು. 2009ರಲ್ಲಿ ದೆಹಲಿಯಲ್ಲಿ ಅಮೆರಿಕದ ಕಂಪನಿಯೊಂದರವರು ಅವರನ್ನೇ ನಿಲ್ಲಿಸಿ ಶೋಧಿಸಿದರು. ಆ ಮಹನೀಯರು ತಕರಾರಿಲ್ಲದೆ ನಿಂತರು. ಸಂಸತ್ತಿನಲ್ಲಿ ಗದ್ದಲವಾಯಿತು, ಕಂಪನಿ ಕ್ಷಮೆ ಕೇಳಿತು. ಒಳ್ಳೆಯದೇ ಆಯಿತು. ಆದರೆ ಕುಂಬಳೆಯ ಮುದುಕಿಗಾಗಿ ಯಾವ ಸಂಸತ್ತು ಎದ್ದು ನಿಂತಿದೆ? ಈಚೆಗೆ ಮುಖ ತೋರಿಸಿದರೆ ಬಾಗಿಲು ತೆರೆಯುವ ಡಿಜಿ ಯಾತ್ರಾ ಎಂಬ ಏರ್ಪಾಟು 2022ರ ಕೊನೆಯಿಂದ ಬಂದಿದೆ. ಒಳ್ಳೆಯ ಫೋನು ಇದ್ದವನು, ದೇಶದೊಳಗೆ ಹಾರುವವನು ಬೇಗ ಒಳಗೆ ಹೋಗುತ್ತಾನೆ. ಕೊಲ್ಲಿಗೆ ಹೋಗುವವನ ಸಾಲು ಹಾಗೆಯೇ ಇದೆ. ಅವಸರ ಯಾರಿಗೆ ಹೆಚ್ಚು ಎಂದು ಅಳೆದವರು ಯಾರೋ ನಮಗೆ ತಿಳಿಯದು.

ವಿಮಾನ ಹಾರಿಸುವವನ ಕೋಣೆಯ ಬಾಗಿಲಿನ ಮಾತು ಇನ್ನೂ ಗಂಭೀರ. 2001ರ ಸೆಪ್ಟೆಂಬರ್ 11ರಂದು 19 ಮಂದಿ ಸಣ್ಣ ಚೂರಿಗಳಿಂದ ನಾಲ್ಕು ವಿಮಾನಗಳನ್ನು ವಶಪಡಿಸಿಕೊಂಡರು, ಹತ್ತಿರ ಹತ್ತಿರ ಮೂರು ಸಾವಿರ ಜನ ಸತ್ತರು. ಆಮೇಲೆ ಆ ಬಾಗಿಲನ್ನು ಗುಂಡಿಗೂ ಮುರಿಯದಂತೆ ಮಾಡಿದರು. ಇದೂ ಕೆಲಸ ಮಾಡುವ ಕ್ರಮ ಎಂದೇ ನಾವು ಹೇಳುತ್ತೇವೆ. ಆದರೆ 2015ರ ಮಾರ್ಚ್ 24ರಂದು ಜರ್ಮನಿಯ ವಿಮಾನವೊಂದರ ಸಹಚಾಲಕ, ಕ್ಯಾಪ್ಟನ್ ಹೊರಗೆ ಹೋದ ಹೊತ್ತಿಗೆ, ಅದೇ ಬಾಗಿಲನ್ನು ಒಳಗಿನಿಂದ ಹಾಕಿಕೊಂಡು ವಿಮಾನವನ್ನು ಆಲ್ಪ್ಸ್ ಬೆಟ್ಟಕ್ಕೆ ಗುದ್ದಿಸಿದ. 150 ಮಂದಿ ಹೋದರು. ಅವನು ಮನೋರೋಗಿ. ರೋಗ ಹೇಳಿಕೊಂಡರೆ ಲೈಸೆನ್ಸು ಹೋಗುತ್ತದೆ, ಸಂಬಳ ಹೋಗುತ್ತದೆ ಎಂದು ಮುಚ್ಚಿಟ್ಟಿದ್ದ. ತನಿಖೆಯವರೂ ಆ ಭಯವನ್ನು ತಮ್ಮ ವರದಿಯಲ್ಲಿ ಎತ್ತಿ ಹೇಳಿದರು. ಹೊರಗಿನ ವೈರಿಗೆಂದು ಕಟ್ಟಿದ ಬಾಗಿಲು, ಒಳಗೆ ಕೆಲಸ ಹೋಗುವ ಭಯದಲ್ಲಿ ಕೊಳೆತವನ ಕೈಗೆ ಸಿಕ್ಕಿತು.

ಹಾಗೆಂದ ಮೇಲೆ ನಮ್ಮ ಗಾಯವನ್ನು ಮುಟ್ಟದೆ ಮುಂದೆ ಹೋಗಲಾಗದು. ವಿಷಯಾಂತರವೆಂದು ಯಾರೂ ಎಣಿಸಬಾರದು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಗುಡ್ಡದಿಂದ ಉರುಳಿ 158 ಮಂದಿ ಸುಟ್ಟುಹೋದರು, ಬದುಕಿದವರು ಎಂಟೇ ಮಂದಿ. ಕಾಸರಗೋಡು ಜಿಲ್ಲೆಯ ಎಷ್ಟೋ ಮನೆಗಳಿಗೆ ಶವಪೆಟ್ಟಿಗೆ ಬಂತು. ಆ ವಿಮಾನದಲ್ಲಿ ಬಾಂಬು ಇರಲಿಲ್ಲ. ಹತ್ತಿದ ಪ್ರತಿಯೊಬ್ಬನೂ ದುಬೈಯಲ್ಲಿ ತಪಾಸಣೆಯಾಗಿಯೇ ಹತ್ತಿದ್ದ. ತನಿಖೆಯಲ್ಲಿ ಹೊರಬಂದದ್ದು ಬೇರೆ: ಕ್ಯಾಪ್ಟನ್ ದಾರಿಯ ಬಹುಭಾಗ ನಿದ್ದೆ ಮಾಡಿದ್ದರು. ಇಳಿಯುವ ರೀತಿ ಸರಿಯಿಲ್ಲ, ಮತ್ತೆ ಮೇಲೇರೋಣ ಎಂದು ಕಿರಿಯ ಚಾಲಕ ಮೂರು ಸಲ ಹೇಳಿದರೂ ಅವರು ಕೇಳಲಿಲ್ಲ. ರಾತ್ರಿಯಿಡೀ ಎಚ್ಚರದ ಕೆಲಸ, ಮೇಲಿನವನ ಮುಂದೆ ನಡೆಯದ ಕೆಳಗಿನವನ ಮಾತು, ಇವೆರಡೂ ನಮಗೆ ಗೊತ್ತಿಲ್ಲದ ರೋಗಗಳೇ? ಪ್ರತಿ ಕಾರ್ಖಾನೆಯಲ್ಲೂ ಇವೆ.

ಚಾಲಕರಿಗೆ ವಾರಕ್ಕೆ 36 ಗಂಟೆಗಳ ಬದಲು 48 ಗಂಟೆಗಳ ವಿಶ್ರಾಂತಿ ಕೊಡಬೇಕು, ರಾತ್ರಿಯ ಕೆಲಸ ಕಡಿಮೆ ಮಾಡಬೇಕು ಎಂಬ ಹೊಸ ನಿಯಮ 2025ರಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂತು. ದೇಶದ ಅತಿ ದೊಡ್ಡ ವಿಮಾನ ಕಂಪನಿ ಅದಕ್ಕೆ ಬೇಕಾದಷ್ಟು ಚಾಲಕರನ್ನು ಇಟ್ಟುಕೊಂಡಿರಲಿಲ್ಲ. ಡಿಸೆಂಬರಿನಲ್ಲಿ ಸಾವಿರಾರು ಪ್ರಯಾಣಗಳು ರದ್ದಾದವು. ಸರಕಾರ ಮಾಡಿದ್ದೇನು? ರಾತ್ರಿ ಕೆಲಸದ ನಿಯಮದಿಂದ ಆ ಕಂಪನಿಗೆ ಕೆಲಕಾಲ ವಿನಾಯಿತಿ ಕೊಟ್ಟಿತು. ಸುರಕ್ಷೆಯ ವಿಷಯದಲ್ಲಿ ರಾಜಿ ಇಲ್ಲ ಎಂದು ನಿಲ್ದಾಣದ ಗೋಡೆಯಲ್ಲಿ ಬರೆದದ್ದನ್ನು ನಾವು ಓದಿದ್ದೇವೆ. ಬೆಲ್ಟಿಗೆ ವಿನಾಯಿತಿ ಇಲ್ಲ, ನಿದ್ದೆಗೆ ವಿನಾಯಿತಿ ಉಂಟು.

ಹಿರಿಯರು ಕೇಳಬಹುದು: ಒಳಗಿನ ಕೆಲಸಗಾರರನ್ನೇ ನಂಬಬೇಕೆಂದು ಹೇಳುತ್ತೀರಲ್ಲ, ಕೆಲಸಗಾರನೇ ದ್ರೋಹ ಮಾಡಿದರೆ? ಸರಿಯಾದ ಪ್ರಶ್ನೆ. 2016ರ ಫೆಬ್ರವರಿಯಲ್ಲಿ ಸೊಮಾಲಿಯದ ಮೊಗದಿಶುವಿನಲ್ಲಿ ಲ್ಯಾಪ್‌ಟಾಪಿನೊಳಗೆ ಅಡಗಿಸಿದ ಬಾಂಬನ್ನು ಪ್ರಯಾಣಿಕನ ಕೈಗೆ ದಾಟಿಸಿದವರು ನಿಲ್ದಾಣದ ನೌಕರರೇ, ಕ್ಯಾಮೆರಾದಲ್ಲಿ ಅದು ದಾಖಲಾಗಿದೆ. ಆದ್ದರಿಂದ ಒಳಗೆ ಹೋಗುವ ಪಾಸು ಕೊಡುವ ಮೊದಲು ಪೊಲೀಸರು ಹಿನ್ನೆಲೆ ವಿಚಾರಿಸುವುದು ನ್ಯಾಯ. ನಮ್ಮ ತಕರಾರು ಹೇಗೆ ವಿಚಾರಿಸುತ್ತಾರೆ ಎಂಬುದರಲ್ಲಿದೆ. ನಮ್ಮ ಧರ್ಮಕೇಂದ್ರದ ಹುಡುಗನೊಬ್ಬನಿಗೆ ಒಂದು ನಿಲ್ದಾಣದಲ್ಲಿ ಗುತ್ತಿಗೆದಾರನ ಕೈಕೆಳಗೆ ಲೋಡರ್ ಕೆಲಸ ಸಿಕ್ಕಿತ್ತು. ಮೂರು ವರ್ಷದ ಹಿಂದೆ ಕೂಲಿ ಬಾಕಿಗಾಗಿ ನಮ್ಮ ಜೊತೆ ರಸ್ತೆಯಲ್ಲಿ ಕೂತದ್ದಕ್ಕೆ ಅವನ ಮೇಲೆ ಒಂದು ಕೇಸು ಇತ್ತು. ವಿಚಾರಣೆಯ ಕಾಗದದಲ್ಲಿ ಅದು ಹೋಯಿತು. ಪಾಸು ಆಗಲಿಲ್ಲ, ಆಗುವುದಿಲ್ಲವೆಂದೂ ಬರವಣಿಗೆಯಲ್ಲಿ ಯಾರೂ ಹೇಳಲಿಲ್ಲ. ಐದು ತಿಂಗಳು ಅಲೆದ. ಗುತ್ತಿಗೆದಾರ ಬೇರೆಯವನನ್ನು ತೆಗೆದುಕೊಂಡ. ಕೂಲಿ ಕೇಳಿದವನನ್ನೂ ಬಾಂಬು ಇಡುವವನನ್ನೂ ಒಂದೇ ಜರಡಿಯಲ್ಲಿ ಹಾಕಿದರೆ ಆ ಜರಡಿಯಿಂದ ದೇಶಕ್ಕೆ ಏನು ಲಾಭ? ಅವನನ್ನು ರಸ್ತೆಯಲ್ಲಿ ಕೂರಿಸಿದವರಲ್ಲಿ ನಾವೂ ಇದ್ದೆವು. ಅವನ ತಾಯಿ ಈಗಲೂ ಇಗರ್ಜಿಯಲ್ಲಿ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಾಳೆ. ಅವಳನ್ನು ನಾವು ದೂರುವುದಿಲ್ಲ.

ಜೆರುಸಲೇಮಿನ ಗೋಡೆ ಕಟ್ಟಿದ ನೆಹೆಮೀಯನ ಕಥೆಯನ್ನು ಮಕ್ಕಳಿಗೆ ಹೇಳಿಕೊಡುವಾಗ ನಾವು ಒಂದು ಸಂಗತಿಯನ್ನು ಒತ್ತಿ ಹೇಳುತ್ತೇವೆ. ಅಲ್ಲಿ ಕಾವಲಿನವರು ಬೇರೆ, ಕಟ್ಟುವವರು ಬೇರೆ ಇರಲಿಲ್ಲ. ಕಲ್ಲು ಹೊತ್ತವನ ಒಂದು ಕೈಯಲ್ಲಿ ಕೆಲಸ, ಇನ್ನೊಂದು ಕೈಯಲ್ಲಿ ಆಯುಧ. ತುತ್ತೂರಿಯ ಧ್ವನಿ ಕೇಳಿದ ಕಡೆಗೆ ಎಲ್ಲರೂ ಓಡಬೇಕು. ಅದೇ ಪುಸ್ತಕದ ಮುಂದಿನ ಅಧ್ಯಾಯದಲ್ಲಿ ಆ ಕೂಲಿಗಳ ಹೆಂಡಿರು ಸಾಲದ ಬಡ್ಡಿಯ ಬಗ್ಗೆ ಅತ್ತು ದೂರು ಕೊಡುತ್ತಾರೆ, ಅಧಿಪತಿ ಗೋಡೆಯ ಕೆಲಸದ ನಡುವೆಯೇ ಅದನ್ನು ತೀರಿಸುತ್ತಾನೆ. ಹಸಿದವನಿಂದ ಗೋಡೆ ಕಾಯಿಸಲಾಗದೆಂದು ಅವನಿಗೆ ಗೊತ್ತಿತ್ತು. ಕೌಂಟರಿನಲ್ಲಿ ಆ ವ್ಯಾಂಕೂವರಿನ ಹೆಂಗಸಿಗೆ, ಸಾಲು ಎಷ್ಟೇ ಉದ್ದವಿರಲಿ ಇಲ್ಲ ಎನ್ನು, ನಿನ್ನ ಹಿಂದೆ ನಾವಿದ್ದೇವೆ ಎಂದು ಹೇಳುವವರು ಇದ್ದಿದ್ದರೆ!

ಆದ್ದರಿಂದ ಕೂಟದ ವತಿಯಿಂದ ಒಂದು ಮನವಿ ಬರೆಯುತ್ತಿದ್ದೇವೆ. ಶೋಧನೆ ಬೇಡವೆಂದು ಅದರಲ್ಲಿ ಇಲ್ಲ. ಬೂಟು ಬಿಚ್ಚಿಸುವ ಕಡೆ ಮುದುಕರಿಗೆ ಕೂರಲು ಬೆಂಚು ಇರಲಿ, ಹೆಂಗಸರ ಪರದೆ ನಿಜವಾಗಿಯೂ ಮುಚ್ಚುವಂತಿರಲಿ, ಕನ್ನಡ, ತುಳು, ಮಲೆಯಾಳ ಬಲ್ಲ ಒಬ್ಬರಾದರೂ ಪ್ರತಿ ಪಾಳಿಯಲ್ಲಿ ಸಾಲಿನ ಪಕ್ಕ ನಿಲ್ಲಲಿ ಎಂದಿದೆ. ಒಳಗೆ ಬಿಡದ ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆಯದೆ, ಬಿಡಲು ಬಂದ ಮನೆಯವರ ಕೈಗೆ ಮರಳಿಸಲು ದಾರಿ ಮಾಡಲಿ ಎಂದಿದೆ. ತಪಾಸಣೆಯವರ ಪಾಳಿ ಕಡಿಮೆಯಾಗಲಿ ಎಂದೂ ಬರೆದಿದ್ದೇವೆ, ಅವರು ಕೇಳಲಾರರು, ಅವರ ಪರವಾಗಿ ನಾವಾದರೂ ಕೇಳೋಣವೆಂದು. ಪಾಸು ನಿರಾಕರಿಸಿದರೆ ಮೂವತ್ತು ದಿನದೊಳಗೆ ಕಾರಣ ಬರೆದು ಕೊಡಬೇಕು, ಮುಷ್ಕರದ ಕೇಸನ್ನು ಕಾರಣ ಮಾಡಬಾರದು ಎಂಬುದು ಕೊನೆಯ ಅಂಶ.

ಬರುವ ತಿಂಗಳ ಎರಡನೇ ಆದಿತ್ಯವಾರ ಎರಡನೇ ಪೂಜೆಯ ಬಳಿಕ ಇಗರ್ಜಿಯ ಶಾಲೆಯ ಜಗಲಿಯಲ್ಲಿ ಮನವಿ ಇಡುತ್ತೇವೆ. ಪತ್ರ ಬರೆದ ಹಿರಿಯರೂ, ದುಬೈಯ ಸಹೋದರನೂ ಬರಲಿ. ಒಪ್ಪದಿದ್ದರೆ ಅಲ್ಲೇ ಜಗಳವಾಡಲಿ. ದಸ್ತಖತ್ತು ಬಾರದವರಿಗೆ ಹೆಬ್ಬೆಟ್ಟಿನ ಶಾಯಿ ಇಟ್ಟಿರುತ್ತೇವೆ.